ಬಾಡಿಗೆ ದೋಣಿ ಬೇಡವೆಂದವನು

ವಯೋಮಿಂಗ್‌ನ ಗಾಳಿಯಲ್ಲಿ ನನ್ನ ದೋಣಿ ಗಾಳಿಪಟದಂತೆ ಮೇಲೆದ್ದು, ನಮ್ಮ ಪಿಕಪ್ಪಿನ ನೆತ್ತಿಯ ಮೇಲೆ ಹಾಯ್ದು ಮುಂದೆ ಇಳಿದು, ನಮ್ಮನ್ನೇ ಎಳೆದುಕೊಂಡು ಎಪ್ಪತ್ತು ಮೈಲಿ ಓಡಿತು. ನಾನು ಎಂಜಿನ್ ಆರಿಸಿ, ಕಾಲಮೇಲೆ ಕಾಲು ಹಾಕಿ ಸ್ಯಾಂಡ್‌ವಿಚ್ ತಿಂದೆ. ಮುಂದಿನ ಬಂಕಿನಲ್ಲಿ ನೋಡಿದರೆ, ಹೊರಟಾಗ ಇದ್ದುದಕ್ಕಿಂತ ಹೆಚ್ಚು ಪೆಟ್ರೋಲು ಟ್ಯಾಂಕಿನಲ್ಲಿತ್ತು. ಹೆಚ್ಚಿನದನ್ನು ವಾಪಸು ಕೊಳ್ಳುತ್ತೀಯಾ ಎಂದು ಕೇಳಿದರೆ ಬಂಕಿನವನು ನನ್ನ ಮುಖವನ್ನೇ ನೋಡುತ್ತ ನಿಂತ.

ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ನೊರೀನ್‌ಳನ್ನು ಕೇಳಿದರೆ ಬೇರೆ ಹೇಳುತ್ತಾಳೆ. ಆ ಎಪ್ಪತ್ತು ಮೈಲಿಯೂ ನಾನು ಸ್ಟಿಯರಿಂಗನ್ನು ತಬ್ಬಿಕೊಂಡಿದ್ದೆನಂತೆ. ದೇವರನ್ನು ಕರೆಯುತ್ತಿದ್ದೆನಂತೆ, ಆದರೆ ಚರ್ಚಿನಲ್ಲಿ ಕರೆಯುವ ಧಾಟಿಯಲ್ಲಿ ಅಲ್ಲವಂತೆ. ಹೆಂಡತಿಯರ ನಾಲಿಗೆಗೆ ಕಥೆಯ ರುಚಿ ಹತ್ತುವುದಿಲ್ಲ.

ನನ್ನ ಹೆಸರು ಡೆಲ್ಮರ್. ಟ್ರೇಲರನ್ನು ಹಿಂದಕ್ಕೆ ಸರಿಸುವುದರಲ್ಲಿ ಕಾನ್ಸಾಸ್‌ನಲ್ಲಿ ನನ್ನನ್ನು ಮೀರಿಸಿದವನಿಲ್ಲ. ಹದಿನೆಂಟು ಅಡಿಯ ಈ ಕೆಂಪು ದೋಣಿಯನ್ನು ಸೂಜಿಯ ಕಣ್ಣಿನೊಳಗೆ ಹಿಮ್ಮುಖವಾಗಿ ತೂರಿಸಿ, ಬರುವಾಗ ದಾರವನ್ನೂ ಪೋಣಿಸಿಕೊಂಡು ಬರಬಲ್ಲೆ. ಇಂಥವನು ರಜೆಗೆಂದು ಮೊಂಟಾನಾಕ್ಕೆ ಹೋಗಿ ಬಾಡಿಗೆ ದೋಣಿಯಲ್ಲಿ ಕೂರುವುದೇ?

ಪ್ರತಿ ವರ್ಷ ಜೂನ್ ಬಂತೆಂದರೆ ಈ ಜಗಳ ಇದ್ದದ್ದೇ. ಜಗಳಕ್ಕೆ ಆ ಕಡೆಯಿಂದ ನಿಲ್ಲುವವನು ನೊರೀನ್‌ಳ ಅಣ್ಣ ಲಾಯ್ಡ್. ಹೆಂಡತಿ ತೀರಿಕೊಂಡ ಮೇಲೆ ಥ್ರೀ ಕೆಟಲ್ ಎಂಬ ಕೆರೆಯ ದಡದಲ್ಲಿ ಒಬ್ಬನೇ ಇದ್ದಾನೆ. ಹನ್ನೊಂದು ದೋಣಿ ಇಟ್ಟುಕೊಂಡು ಬಂದವರಿಗೆ ಬಾಡಿಗೆಗೆ ಕೊಡುತ್ತಾನೆ. ಅವನ ರೊಟ್ಟಿ, ಬೆಣ್ಣೆ, ಚಳಿಗಾಲದ ಸೌದೆ ಎಲ್ಲವೂ ಆ ನೀರಿನಿಂದಲೇ.

"ಡೆಲ್ಮರ್, ಬರೀ ಹಲ್ಲುಜ್ಜೋ ಬ್ರಷ್ ತಗೊಂಡು ಬಾರೋ," ಎಂದು ಈ ಸಲವೂ ಫೋನಿನಲ್ಲಿ ಶುರು ಮಾಡಿದ. "ಹನ್ನೊಂದು ದೋಣಿ ಕಟ್ಟಿ ಹಾಕಿದೀನಿ. ಯಾವುದು ಬೇಕೋ ಬಿಚ್ಕೋ. ನಿನ್ನ ಹತ್ರ ನಾನು ಬಾಡಿಗೆ ಕೇಳ್ತೀನಾ?"

"ಬಾಡಿಗೆ ದೋಣೀಲಿ ಕೂರೋದು ಅಂದ್ರೆ ಬೇರೆಯವರ ಹಲ್ಲುಸೆಟ್ಟು ಹಾಕ್ಕೊಂಡು ಜೋಳದ ತೆನೆ ಕಡಿದ ಹಾಗೆ, ಲಾಯ್ಡ್."

"ಸಾವಿರದ ಇನ್ನೂರು ಮೈಲಿ ಅದನ್ನ ಎಳ್ಕೊಂಡು ಬರೋಷ್ಟರಲ್ಲಿ ನಿನ್ನ ಸ್ವಂತ ಹಲ್ಲೇ ಉದುರಿರುತ್ತೆ, ಬಿಡು." ನಕ್ಕ. ಆಮೇಲೆ ನಗು ನಿಲ್ಲಿಸಿ ಹೇಳಿದ: "ತರೋದೇ ಆದ್ರೆ ಒಂದು ತಿಂಗಳು ಒಣಗಿಸಿ ತಗೊಂಡ್ ಬಾ. ಒಂದು ಹನಿ ನೀರು ಉಳಿದಿರಬಾರದು. ಇದು ತಮಾಷೆ ಅಲ್ಲ ಕಣೋ."

ತಮಾಷೆಯಲ್ಲವೆಂದು ನನಗೂ ಗೊತ್ತಿತ್ತು. ನಾನು ದೋಣಿ ಕಟ್ಟಿಹಾಕುವ ನಮ್ಮೂರಿನ ಶೇಡಿ ಬೆಂಡ್ ಕೆರೆಗೆ ಒಂಬತ್ತು ವರ್ಷದ ಹಿಂದೆ ಪಟ್ಟೆ ಕಪ್ಪೆಚಿಪ್ಪು ಬಂದು ಸೇರಿತು. ಉಗುರಿನಷ್ಟು ದೊಡ್ಡದು, ಮೈಮೇಲೆ ಕಪ್ಪು ಪಟ್ಟೆ. ಯಾರದೋ ದೋಣಿಯ ತಳದಲ್ಲಿ ಕೂತು ಬಂದದ್ದು ಎನ್ನುತ್ತಾರೆ. ಅದರ ಮರಿಗಳು ಕಣ್ಣಿಗೇ ಕಾಣುವುದಿಲ್ಲ, ಲೋಟ ನೀರಿನಲ್ಲಿ ನೂರಾರು ಇರಬಹುದು. ಈಗ ಅಲ್ಲಿ ಬರಿಗಾಲಲ್ಲಿ ಇಳಿದರೆ ಪಾದ ಕೊಯ್ದುಹೋಗುತ್ತದೆ. ಊರಿನ ನೀರಿನ ಕೊಳವೆಯೊಳಗೆ ಅವು ಮನೆ ಕಟ್ಟಿವೆ. ಒಮ್ಮೆ ಕೆರೆಗೆ ಸೇರಿದರೆ ಮುಗಿಯಿತು, ಮದ್ದಿಲ್ಲ. ಲಾಯ್ಡ್‌ನ ಕೆರೆಗೆ ಅದು ಇನ್ನೂ ಬಂದಿರಲಿಲ್ಲ. ಹದಿನೈದು ಅಡಿ ಕೆಳಗಿನ ಕಲ್ಲನ್ನೂ ಎಣಿಸಬಹುದಾದ ನೀರು ಅದು.

ನನ್ನ ದೋಣಿ ಮೇ ತಿಂಗಳಿಂದ ಶೇಡಿ ಬೆಂಡ್‌ನ ನೀರಿನಲ್ಲೇ ಇತ್ತು. ಭಾನುವಾರ ಸಂಜೆ ಮೇಲೆತ್ತಿದೆ. ಮಂಗಳವಾರ ಬೆಳಿಗ್ಗೆ ಹೊರಟೆವು.

ದಾರಿಯ ಸಾಹಸವನ್ನೆಲ್ಲ ಹೇಳುತ್ತಾ ಕೂತರೆ ನಿಮಗೆ ವಯಸ್ಸಾಗಿಬಿಡುತ್ತದೆ. ನೆಬ್ರಾಸ್ಕಾದಲ್ಲಿ ಟ್ರೇಲರಿನ ಒಂದು ಟಯರು ಸಿಡಿದು ಆಕಾಶಕ್ಕೆ ಹೋದದ್ದು ನಾವು ಊಟ ಮುಗಿಸುವವರೆಗೂ ಕೆಳಗೆ ಬರಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಬಂಕಿನಲ್ಲೂ ಇಳಿದು ಚಕ್ರದ ಗುಂಬಕ್ಕೆ ಕೈಯಿಟ್ಟು ಬಿಸಿಯಾಗಿದೆಯೇ ಎಂದು ನೋಡುತ್ತಿದ್ದೆ. ಅಂಗೈ ಎಷ್ಟು ಹದವಾಯಿತೆಂದರೆ ಅದರ ಮೇಲೆ ಮೊಟ್ಟೆ ಒಡೆದು ನೊರೀನ್‌ಳಿಗೆ ತಿಂಡಿ ಮಾಡಿಕೊಟ್ಟೆ.

"ಇಷ್ಟೊತ್ತಿಗೆ ವಿಮಾನದಲ್ಲಿ ಹೋಗಿ, ಅಣ್ಣನ ದೋಣೀಲಿ ಎರಡು ಸುತ್ತು ಹೊಡೆದಿರ್ತಿದ್ವಿ," ಎಂದಳು ಅವಳು, ಟಯರು ಬದಲಿಸುವ ನನ್ನ ನೆತ್ತಿಗೆ ಕೊಡೆ ಹಿಡಿದುಕೊಂಡು.

"ಅದರಲ್ಲಿ ಕಥೆ ಎಲ್ಲಿರ್ತಿತ್ತು?"

"ಕಥೆ ಇರ್ತಿರಲಿಲ್ಲ. ರಜೆ ಇರ್ತಿತ್ತು."

ಮೊಂಟಾನಾದ ಗಡಿಯಲ್ಲಿ ದೋಣಿ ಎಳೆದು ತರುವವರೆಲ್ಲ ನಿಲ್ಲಬೇಕು. ಅಲ್ಲಿ ತಪಾಸಣೆ ಮಾಡುತ್ತಿದ್ದವಳು ನರೆತ ಜಡೆಯ, ನನ್ನ ವಯಸ್ಸಿನ ಹೆಂಗಸು. ತಳಕ್ಕೆ ಅಂಗೈ ಸವರಿದಳು, ನೀರು ಬಸಿಯುವ ಬಿರಟೆ ತೆಗೆಸಿದಳು, ಎಂಜಿನ್ನಿನ ಕೆಳಗೆ ಟಾರ್ಚು ಬಿಟ್ಟಳು. ನಾನು ಹಿಂದಿನ ದಿನವೇ ಎಲ್ಲವನ್ನೂ ಒರೆಸಿ ಹೊಳೆಯಿಸಿದ್ದೆ. ಲಂಗರಿನ ಗೂಡಿನ ಮುಚ್ಚಳದ ಮೇಲೆ ಮಾತ್ರ ಹಾಸಿಗೆ, ತಲೆದಿಂಬು, ನೊರೀನ್‌ಳ ಎರಡು ಪೆಟ್ಟಿಗೆ ಪೇರಿಸಿತ್ತು.

"ಕೊನೇ ಸಲ ಯಾವಾಗ ನೀರಿಗೆ ಇಳಿಸಿದ್ರಿ, ಸರ್?"

ನಿಜ ಹೇಳಿದ್ದರೆ ಬಿಸಿನೀರು ಹಾಯಿಸಿ ಒಳಗೂ ಹೊರಗೂ ತೊಳೆಯುತ್ತಿದ್ದಳು. ಒಂದೇ ಒಂದು ಚಿಪ್ಪು ಸಿಕ್ಕಿದರೂ ದೋಣಿಗೆ ಬೀಗ, ಒಂದು ತಿಂಗಳು ಅಲ್ಲೇ. ನಾನು ಬರಿಗೈಯಲ್ಲಿ ಹೋಗಿ ಲಾಯ್ಡ್‌ನ ಬಾಡಿಗೆ ದೋಣಿಯಲ್ಲಿ ಕೂರಬೇಕು. ಅವನು ಮುಂದಿನ ಇಪ್ಪತ್ತು ಕ್ರಿಸ್ಮಸ್‌ನಲ್ಲಿ ಅದನ್ನೇ ಹೇಳಿಕೊಂಡು ನಗುತ್ತಾನೆ.

"ಅಕ್ಟೋಬರ್‌ನಲ್ಲಿ," ಎಂದೆ. "ಆವತ್ತಿಂದ ಕೊಟ್ಟಿಗೇಲೇ ಇದೆ. ಒಳಗೆ ಇಲಿ ಸಂಸಾರ ಹೂಡಿತ್ತು, ಮೊನ್ನೆ ಮನೆ ಖಾಲಿ ಮಾಡಿಸೋಕೆ ನೋಟಿಸ್ ಕೊಡಬೇಕಾಯ್ತು."

ಅವಳು ನಕ್ಕಳು. "ಎಂಟನೇ ಕ್ಲಾಸಿಗೆ ಮೂವತ್ತು ವರ್ಷ ಪಾಠ ಮಾಡಿದೀನಿ ಸರ್. ಸುಳ್ಳು ಹೇಳೋರ ಕಿವಿ ಕೆಂಪಾಗುತ್ತೆ. ನಿಮ್ಮ ಕಿವಿ ಸರಿಯಾಗಿದೆ." ಚೀಟಿ ಬರೆದುಕೊಟ್ಟಳು.

ನೊರೀನ್ ಕಿಟಕಿಯಾಚೆ ನೋಡುತ್ತಿದ್ದಳು. ಮೂವತ್ತು ಮೈಲಿಯಾದ ಮೇಲೆ, "ನನ್ನ ಅಣ್ಣನಿಗೂ ಇದೇ ಹೇಳ್ತೀಯಾ?" ಎಂದಳು.

"ದೋಣಿ ಒಣಗಿದೆ ಕಣೇ. ಈ ಗಾಳೀಲಿ ಸಮುದ್ರಾನೂ ಒಣಗುತ್ತೆ."

"ಅವನಿಗೆ ಇರೋದೇ ಆ ಕೆರೆ, ಡೆಲ್ಮರ್. ನಾಳೆ ನೀರಿಗಿಳಿಸೋಕೆ ಮುಂಚೆ ನೀನೇ ಅವನಿಗೆ ನಿಜ ಹೇಳಬೇಕು. ನೀನು ಹೇಳದಿದ್ರೆ ನಾನು ಹೇಳ್ತೀನಿ."

"ಹೇಳ್ತೀನಿ, ಹೇಳ್ತೀನಿ," ಎಂದೆ.

ಗುರುವಾರ ಸಂಜೆ ಆರಕ್ಕೆ ತಲುಪಿದೆವು. ಬಾಗಿಲಿಗೆ ಚೀಟಿ ಸಿಕ್ಕಿಸಿತ್ತು. ಲಾಯ್ಡ್ ಯಾವುದೋ ಬಿಡಿಭಾಗ ತರಲು ಪಟ್ಟಣಕ್ಕೆ ಹೋಗಿದ್ದ, ಬೆಳಿಗ್ಗೆ ಬರುತ್ತೇನೆಂದು ಬರೆದಿದ್ದ. ನೊರೀನ್ ಗಾಳಿಗೆ ತಲೆನೋವು ಬಂದು ಒಳಗೆ ಹೋಗಿ ಮಲಗಿಬಿಟ್ಟಳು. ನಾನು ಎರಡು ಬಿಯರ್ ಕುಡಿದು ಜಗಲಿಯ ಕುರ್ಚಿಯಲ್ಲೇ ನಿದ್ದೆಹೋದೆ. ನನ್ನ ಗೊರಕೆ ಕೇಳಿ ಎದುರು ಬೆಟ್ಟದ ಕರಡಿಗಳು ಮರಿಗಳನ್ನು ಕರೆದುಕೊಂಡು ಕೆನಡಾಕ್ಕೆ ಹೊರಟುಹೋದವು.

ಬೆಳಿಗ್ಗೆ ಲಾಯ್ಡ್ ಬಂದ. ನನ್ನನ್ನು ತಬ್ಬಿ, ಬೆನ್ನಿಗೆ ಗುದ್ದಿ, ಟ್ರೇಲರಿನ ಮೇಲಿದ್ದ ದೋಣಿಯ ಸುತ್ತ ಒಂದು ಸುತ್ತು ಬಂದ.

"ಎಳ್ಕೊಂಡೇ ಬಂದೆಯಲ್ಲೋ ಕತ್ತೆ! ಹಿಂದಿನ ಜನ್ಮದಲ್ಲಿ ಗಾಡಿ ಎತ್ತಾಗಿದ್ದಿರಬೇಕು ನೀನು. ಲಂಗರಿನ ಹಗ್ಗ ಎಷ್ಟುದ್ದ ಇದೆ? ನಮ್ಮ ಕೆರೆ ಆಳಕ್ಕೆ ನಿಮ್ಮ ಕಾನ್ಸಾಸ್ ಹಗ್ಗ ಶೂಲೇಸ್ ಇದ್ದ ಹಾಗೆ. ತಡಿ, ನನ್ನದೊಂದು ಕೊಡ್ತೀನಿ."

ನಾನು ಬೇಡ ಎನ್ನುವಷ್ಟರಲ್ಲಿ ಗೂಡಿನ ಮುಚ್ಚಳ ತೆಗೆದು ಹಗ್ಗವನ್ನು ಸುರುಳಿ ಸುರುಳಿಯಾಗಿ ಎಳೆಯತೊಡಗಿದ. ನಡುವೆ ಅವನ ಕೈ ನಿಂತಿತು. ಹಗ್ಗದ ಎಳೆಗಳ ನಡುವೆ ಸಿಕ್ಕಿಕೊಂಡಿದ್ದುದನ್ನು ಬೆರಳಿನಿಂದ ಬಿಡಿಸಿ ಅಂಗೈ ಮೇಲಿಟ್ಟುಕೊಂಡ. ಚಾಕುವಿನ ತುದಿಯಿಂದ ಮೆಲ್ಲಗೆ ಮುಟ್ಟಿದ. ಅರೆ ತೆರೆದಿದ್ದ ಚಿಪ್ಪು ಮುಚ್ಚಿಕೊಂಡಿತು.

"ಬದುಕಿದೆ," ಎಂದ.

ನೊರೀನ್ ಕಾಫಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ನನ್ನನ್ನೇ ನೋಡಿದಳು.

"ಹೋದ ವರ್ಷದ್ದಿರಬೇಕು," ಎಂದೆ.

"ಹೋದ ವರ್ಷದ್ದು ಬದುಕಿರಲ್ಲ ಡೆಲ್ಮರ್."

"ಭಾನುವಾರದವರೆಗೂ ನೀರಲ್ಲೇ ಇತ್ತು, ಅಣ್ಣ," ಎಂದಳು ನೊರೀನ್. "ಗಡೀಲಿ ಇವನು ಸುಳ್ಳು ಹೇಳಿದ. ನಾನು ಪಕ್ಕದಲ್ಲಿ ಬಾಯಿ ಮುಚ್ಕೊಂಡು ಕೂತಿದ್ದೆ."

ಲಾಯ್ಡ್ ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. ಚಿಪ್ಪನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದು, ಮೆಟ್ಟಿಲ ಮೇಲೆ ಕೂತ.

"ಸದ್ಯ," ಎಂದ, ಉಸಿರು ಬಿಟ್ಟು. "ಸದ್ಯ, ಟ್ರೇಲರ್ ಮೇಲೇ ಇದೆ. ಕೆರೆಗೆ ತಾಗಿಲ್ಲ. ತಪಾಸಣೆಯವರಿಗೆ ಫೋನ್ ಮಾಡ್ತೀನಿ, ಅವರು ಬಂದು ತೊಳೀತಾರೆ. ನೀನು ನನ್ನ ನೀಲಿ ದೋಣಿ ತಗೋ. ನಾನು ಯಾರ ಮುಂದೇನೂ ಆಡಿಕೊಳ್ಳಲ್ಲ, ಆಯ್ತಾ? ಒಂದು ಕ್ರಿಸ್ಮಸ್ ಮಾತ್ರ." ನಗಲು ನೋಡಿದ. ಅವನ ಕಣ್ಣು ಒದ್ದೆಯಾಗಿತ್ತು.

ನಾನೂ ನಕ್ಕೆ. ಅಲ್ಲಿಗೆ ಮುಗಿಸಬಹುದಿತ್ತು. ಆ ಕ್ಷಣ ನನ್ನ ಬಾಯಲ್ಲಿ ಒಂದು ಒಳ್ಳೆಯ ತಮಾಷೆಯೂ ಸಿದ್ಧವಾಗಿತ್ತು.

ಲಾಯ್ಡ್ ಹಗ್ಗವನ್ನು ಚೀಲಕ್ಕೆ ತುಂಬಲು ಎದ್ದ. ಉಳಿದದ್ದನ್ನು ಎಳೆದ. ಕೊನೆಯ ಹತ್ತು ಮೊಳದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇದ್ಯಾಕೆ ಇಷ್ಟು ಒದ್ದೆ?"

"ವಯೋಮಿಂಗ್‌ನಲ್ಲಿ ಮಳೆ. ಎಂಥ ಮಳೆ ಅಂದ್ರೆ, ಮೀನುಗಳು ಕೊಡೆ ಹಿಡ್ಕೊಂಡು..."

"ಎಲ್ಲಿ ಬಂತು ಮಳೆ?" ಎಂದಳು ನೊರೀನ್.

ಲಾಯ್ಡ್ ಲಂಗರನ್ನು ಮೇಲೆತ್ತಿದ. ಅದರ ಕೊಕ್ಕೆಯಲ್ಲಿ ಬೂದು ಮಣ್ಣು ಮೆತ್ತಿತ್ತು. ಹಿಟ್ಟಿನಂತೆ ನುಣುಪಾದ ಮಣ್ಣು. ಕಾನ್ಸಾಸ್‌ನ ಕೆರೆಗಳ ತಳ ಕಂದು. ಅವನು ಅದನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದ. ನಲವತ್ತು ವರ್ಷದಿಂದ ತನ್ನ ಬೂಟಿನಿಂದ ಕೆರೆದು ತೆಗೆಯುತ್ತಿರುವ ಥ್ರೀ ಕೆಟಲ್‌ನ ಮಣ್ಣು ಅವನಿಗೆ ತಿಳಿಯದೇ?

ನನ್ನ ಕಡೆ ತಿರುಗಿ ಆ ಬೆರಳುಗಳನ್ನು ನನ್ನ ಮುಂದೆ ಹಿಡಿದ.

ನಿಮಗೂ ನಾನು ಸುಳ್ಳು ಹೇಳಿದೆ. ಜಗಲಿಯಲ್ಲಿ ನಿದ್ದೆ ಮಾಡಲಿಲ್ಲ. ಏಳು ಗಂಟೆಗೂ ಬಿಸಿಲಿತ್ತು, ನೀರು ಗಾಜಿನಂತಿತ್ತು, ನೋಡುವವರು ಯಾರೂ ಇರಲಿಲ್ಲ. ಬೆಳಿಗ್ಗೆ ಲಾಯ್ಡ್ ಬಂದರೆ ಪ್ರಶ್ನೆ ಕೇಳುತ್ತಾನೆ, ನೊರೀನ್ ಉತ್ತರ ಹೇಳುತ್ತಾಳೆ, ಅಲ್ಲಿಗೆ ನನ್ನ ದೋಣಿ ನೀರು ಕಾಣುವುದಿಲ್ಲವೆಂದು ಗೊತ್ತಿತ್ತು. ಸಾವಿರದ ಇನ್ನೂರು ಮೈಲಿ ಎಳೆದು ತಂದದ್ದು ಒಂದೇ ಒಂದು ಸುತ್ತಿಗಾದರೂ ಆಗಲಿ ಎಂದುಕೊಂಡೆ.

"ನಿನ್ನೆ ಸಂಜೆ ಇಳಿಸಿದೆ," ಎಂದೆ.

"ಎಷ್ಟು ಹೊತ್ತು?"

"ಅರ್ಧ ಗಂಟೆ." ನೊರೀನ್ ನನ್ನನ್ನು ನೋಡಿದಳು. "ಒಂದೂಕಾಲು ಗಂಟೆ," ಎಂದು ತಿದ್ದಿಕೊಂಡೆ.

"ಲಂಗರು ಎಲ್ಲಿ ಹಾಕ್ದೆ?"

"ಆ ಪೈನ್ ಮರದ ಮೂಲೆ ಹತ್ರ. ಒಂದೇ ಸಲ."

"ಮಕ್ಕಳು ಈಜೋ ಜಾಗ ಅದು," ಎಂದ ಲಾಯ್ಡ್. ಡಬ್ಬಿ ಅವನ ಕೈಯಲ್ಲೇ ಇತ್ತು. "ಫೋನಲ್ಲಿ ಅವರು ಎಲ್ಲಾ ಕೇಳ್ತಾರೆ. ನಾನು ಸರಿಯಾಗಿ ಹೇಳಬೇಕು. ದಮ್ಮಯ್ಯ ಡೆಲ್ಮರ್, ಇದೊಂದು ಸಲ ಏನೂ ಸೇರಿಸಬೇಡ, ಏನೂ ಬಿಡಬೇಡ. ಇಷ್ಟೇನಾ?"

ಇಷ್ಟೇ ಎಂದಿದ್ದರೆ ನಂಬುತ್ತಿದ್ದ. ಉಳಿದದ್ದಕ್ಕೆ ಕುರುಹೇ ಇರಲಿಲ್ಲ, ನೊರೀನ್‌ಳಿಗೂ ಗೊತ್ತಿರಲಿಲ್ಲ.

"ಒಂದು ಬಕೆಟ್ ಇತ್ತು," ಎಂದೆ. "ಪಿಕಪ್ಪಿನ ಹಿಂದೆ, ಟಾರ್ಪಾಲಿನ ಕೆಳಗೆ. ಗಾಳಕ್ಕೆ ಅಂತ ಊರಿಂದ ಮರಿಮೀನು ತಂದಿದ್ದೆ. ಶೇಡಿ ಬೆಂಡ್ ನೀರಲ್ಲೇ."

"ಆ ನೀರು ಏನ್ ಮಾಡ್ದೆ?"

"ಮೀನು ಒಂದೂ ಕಚ್ಚಲಿಲ್ಲ, ಲಾಯ್ಡ್. ವಾಪಸು ಬಂದು ಕಟ್ಟೆ ಮೇಲಿಂದ ಸುರಿದೆ. ನಿನ್ನ ಬಾಡಿಗೆ ದೋಣಿಗಳ ನಡುವೆ. ಪೂರ್ತಿ ಬಕೆಟ್."