ಸೋತರೆ ನನ್ನದು

“ಇನ್ನೊಂದು ಸಲ ಹಾಕು,” ಎಂದ.

ಹೆಂಡತಿ ಬಚ್ಚಲಮನೆಯ ಹೊಸ್ತಿಲಲ್ಲೇ ನಿಂತು ಫೋನನ್ನು ಅವನ ಮುಖದ ಹತ್ತಿರಕ್ಕೆ ಹಿಡಿದಳು. ಅವನ ಒಂದು ಕೆನ್ನೆಯಲ್ಲಿ ಇನ್ನೂ ನೊರೆಯಿತ್ತು. ಫೋನಿನೊಳಗೆ ನಿನ್ನೆ ಸಂಜೆಯ ಅವನು, ಫುಟ್‌ಬಾಲ್ ಕ್ಲಬ್ಬಿನ ನೀಲಿ ಕೋಟು ತೊಟ್ಟು, ಮೈಕುಗಳ ಗೊಂಚಲಿನ ಹಿಂದೆ ಕೂತಿದ್ದ.

“ಗೋಲು ಬಿಟ್ಟು ಮುಂದೆ ಓಡು ಅಂತ ಅವನಿಗೆ ಯಾರು ಹೇಳಿದ್ರು? ಅವನನ್ನೇ ಕೇಳಿ. ನನ್ನ ಹತ್ರ ಇರೋ ಸರಕೇ ಇಷ್ಟು.”

ಹೆಂಡತಿ ನಿಲ್ಲಿಸಿದಳು. “ಸರಕು ಅಂದ್ರೆ?”

“ಸಿಟ್ಟಲ್ಲಿ ಬಂತು.”

“ಸಿಟ್ಟೇನೂ ಕಾಣಿಸ್ತಿಲ್ಲ. ನಗ್ತಾ ಇದ್ದೀರಿ.”

ಅದೂ ನಿಜವೇ. ಕ್ಯಾಮೆರಾ ಕಂಡರೆ ಅವನ ತುಟಿಯ ಒಂದು ತುದಿ ತಾನಾಗಿ ಮೇಲೇರುತ್ತಿತ್ತು. ಅದನ್ನು ಪತ್ರಿಕೆಗಳವರು ‘ಸೋಲಿನಲ್ಲೂ ಬಾಡದ ಮುಗುಳ್ನಗೆ’ ಎಂದು ಬರೆದದ್ದುಂಟು. ಅವನು ಕನ್ನಡಿಯ ಕಡೆ ತಿರುಗಿ ಉಳಿದ ಕೆನ್ನೆಗೆ ಬ್ಲೇಡು ಎಳೆದ.

“ಯಾರು ಹೇಳಿದ್ದು ಅವನಿಗೆ?” ಹೆಂಡತಿ ಇನ್ನೂ ಅಲ್ಲೇ ಇದ್ದಳು.

“ಏನನ್ನ?”

“ಓಡು ಅಂತ.”

“ಯಾರೂ ಇಲ್ಲ. ಅದೊಂದು ಮಾತು ಅಷ್ಟೆ.”

ಅವಳು ಹೋದಳು. ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಕೇಳಿಸಿತು. ಬ್ಲೇಡು ಗಲ್ಲದ ಕೆಳಗೆ ಎಲ್ಲೋ ತಾಗಿ ಚುರ್ ಎಂದಿತು.

ಹೇಳಿದವನು ಅವನೇ. ಪಂದ್ಯದ ಅರ್ಧ ಮುಗಿದಿತ್ತು. ಉಳಿದ ಹುಡುಗರೆಲ್ಲ ನೀರು ಕುಡಿದು ಮೈದಾನಕ್ಕೆ ಮರಳಿದ್ದರು. ಎಲ್ಲರೂ ‘ಗೋಡೆ’ ಎಂದು ಕರೆಯುವ ಗೋಲ್‌ಕೀಪರನನ್ನು ಅವನು ಮೈದಾನಕ್ಕೆ ಹೋಗುವ ಓಣಿಯಲ್ಲಿ ತಡೆದು, ಹೆಗಲ ಮೇಲೆ ಕೈಯಿಟ್ಟು ಹೇಳಿದ್ದ: “ಗೆರೆ ಮೇಲೆ ನಿಂತು ಕಾಯಬೇಡ. ಚೆಂಡು ಮೇಲಿಂದ ಬಂದ್ರೆ ಕಣ್ಣು ಮುಚ್ಚಿ ಮುಂದೆ ಓಡು.” ಕೊನೆಗೆ ಚೆಂಡು ಮೇಲಿಂದಲೇ ಬಂತು. ಗೋಡೆ ಓಡಿದ. ಚೆಂಡು ಅವನ ಚಾಚಿದ ಕೈಗಳ ಮೇಲಿಂದ ಹಾದು, ಒಂದು ಪುಟ ನೆಗೆದು, ಯಾರೂ ಇಲ್ಲದ ಗೋಲಿನೊಳಗೆ ನಿಧಾನವಾಗಿ ಉರುಳಿಕೊಂಡು ಹೋಯಿತು. ಅಷ್ಟು ನಿಧಾನವಾಗಿ ಹೋಗುವ ಅಗತ್ಯ ಅದಕ್ಕಿರಲಿಲ್ಲ. ಅದೊಂದು ಗೋಲಿನಿಂದ ತಂಡ ಮೇಲಿನ ದರ್ಜೆಯಿಂದ ಕೆಳಗಿನ ದರ್ಜೆಗೆ ಬಿತ್ತು.

ಓಣಿಯಲ್ಲಿ ಆಗ ಬೇರೆ ಯಾರೂ ಇರಲಿಲ್ಲ.

*

ಅವನು ಮೊದಲು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದ. ಸಂಜೆ ಹೊತ್ತು ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತ ಹೇಳಿಕೊಡುತ್ತ ಅದೇ ಕಸುಬಾಗಿ, ತರ್ಕ ಕೈಬಿಟ್ಟಿತು. ಆದರೆ ಮಾತು ಕೈಬಿಡಲಿಲ್ಲ. ತರಬೇತುದಾರರ ಪೈಕಿ ಅವನು ಹೆಸರು ಮಾಡಿದ್ದೇ ಮಾತಿಗೆ. ಆಟಗಾರನ ಹೆಸರೆತ್ತಿ ದೂರುವುದಿಲ್ಲ, ರೆಫರಿಯನ್ನು ಬಯ್ಯುವುದಿಲ್ಲ, ಗೆದ್ದಾಗ ಹಿಂದಿನ ಸಾಲಿನಲ್ಲಿ, ಸೋತಾಗ ಮುಂದಿನ ಸಾಲಿನಲ್ಲಿ ನಿಲ್ಲುತ್ತಾನೆ. “ಗೆದ್ದರೆ ಹುಡುಗರದು, ಸೋತರೆ ನನ್ನದು” ಎಂದು ಯಾವಾಗಲೋ ಅಂದದ್ದು ಅವನಿಗೇ ಅಂಟಿಕೊಂಡಿತ್ತು. ಹೊಸ ತರಬೇತುದಾರರ ಶಿಬಿರಗಳಲ್ಲಿ ‘ತಂಡದ ಬಗ್ಗೆ ಸಾರ್ವಜನಿಕವಾಗಿ ಮಾತಾಡುವುದು ಹೇಗೆ’ ಎಂಬ ಪಾಠಕ್ಕೆ ಅವನನ್ನೇ ಕರೆಯುತ್ತಿದ್ದರು. ಆ ಪಾಠದಲ್ಲಿ ಅವನು ತಮಾಷೆ ಮಾಡುವ ಜಾಗಗಳೂ ಮೊದಲೇ ಗೊತ್ತುಪಡಿಸಿದವೇ.

ಮನೆಯಲ್ಲೂ ಹಾಗೇ ಆಗಿತ್ತು. ಮಗಳು ಪರೀಕ್ಷೆಯಲ್ಲಿ ಫೇಲಾದಾಗ, “ಅವಳ ಶ್ರಮದ ಬಗ್ಗೆ ನಮಗೆ ಅನುಮಾನವಿಲ್ಲ, ಮುಂದಿನ ಸಲ ನೋಡೋಣ,” ಎಂದಿದ್ದ. ಮಗಳು ತಟ್ಟೆಯಿಂದ ತಲೆಯೆತ್ತಿ, “ಅಪ್ಪಾ, ಇಲ್ಲಿ ಮೈಕಿಲ್ಲ,” ಎಂದಿದ್ದಳು. ಹೆಂಡತಿ ನಕ್ಕಿದ್ದಳು. ಅವನೂ ನಕ್ಕಿದ್ದ.

*

ಕ್ಲಬ್ಬಿನ ಆಫೀಸಿನಲ್ಲಿ ಯಾರೂ ಅವನ ಕಡೆ ನೋಡಲಿಲ್ಲ, ಅಂದರೆ ಎಲ್ಲರೂ ನೋಡಿದರು. ಆಟಗಾರರು ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನು ಕಾಲಿಟ್ಟದ್ದೇ ಮಾತು ನಿಂತಿತು. ಕ್ಯಾಪ್ಟನ್ ಎದ್ದು ನಿಂತು, “ನಮಸ್ಕಾರ ಸರ್,” ಎಂದ. ಕ್ಯಾಪ್ಟನ್ ಹಿಂದೆ ಯಾವತ್ತೂ ಎದ್ದು ನಿಲ್ಲುತ್ತಿರಲಿಲ್ಲ.

“ಗೋಡೆ ಬಂದಿಲ್ವಾ?”

“ಇಲ್ಲ ಸರ್.”

“ಫೋನ್?”

“ಎತ್ತುತ್ತಿಲ್ಲ ಸರ್.”

ಎಷ್ಟು ‘ಸರ್’ಗಳು! ಮೂಲೆಯಲ್ಲಿ ಯಾರೋ ತನ್ನ ಬೂಟುಗಳನ್ನು ಚೀಲಕ್ಕೆ ತುರುಕುತ್ತ, “ಸರಕು ಪ್ಯಾಕ್ ಆಯ್ತು,” ಎಂದು ಮೆಲ್ಲಗೆ ಹೇಳಿದ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಕ್ಲಬ್ಬಿನ ಪ್ರಚಾರ ನೋಡಿಕೊಳ್ಳುವ ಹೆಂಗಸು ಮಹಡಿಯಲ್ಲಿ ಕಾಯುತ್ತಿದ್ದಳು. ಕಿಟಕಿಯ ಪರದೆ ಎಳೆದು, ಬಾಗಿಲು ಹಾಕಿ, ಎದುರಿಗೆ ಕೂತಳು.

“ಅಧ್ಯಕ್ಷರು ತುಂಬಾ ಬೇಜಾರು ಮಾಡ್ಕೊಂಡಿದ್ದಾರೆ. ಮಧ್ಯಾಹ್ನ ಮತ್ತೆ ಪತ್ರಿಕೆಯವರನ್ನ ಕರೆದಿದ್ದೀನಿ. ನೀವೇನೂ ಕಷ್ಟಪಡೋದು ಬೇಡ ಸರ್. ನಿಮ್ಮದೇ ಮಾತಿದೆಯಲ್ಲ, ಸೋತರೆ ನನ್ನದು ಅಂತ. ಅದನ್ನೇ ಹೇಳಿ, ಎದ್ದುಬಿಡಿ.”

“ಅದು ನಿಜವಾಗ್ಲೂ ನನ್ನದೇ,” ಎಂದ ಅವನು.

“ಹೌದು ಸರ್, ಹಾಗೇ. ಆದರೆ ‘ನಿಜವಾಗ್ಲೂ’ ಬೇಡ. ಹಾಗಂದ್ರೆ ಇಷ್ಟು ದಿನ ಹೇಳಿದ್ದು ಏನು ಅಂತ ಆಗುತ್ತೆ.”

ಅವನು ಅವಳ ಮುಖ ನೋಡಿದ. ಅವಳು ತಮಾಷೆ ಮಾಡುತ್ತಿರಲಿಲ್ಲ.

“ನಾನೇ ಅವನಿಗೆ ಓಡು ಅಂತ ಹೇಳಿದ್ದು. ಅರ್ಧ ಆಟ ಆದಾಗ.”

ಆಕೆ ಪೆನ್ನಿನ ತುದಿಯನ್ನು ಟಕ್ ಎಂದು ಒತ್ತಿದಳು. “ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ದೀರಾ?”

“ಇಲ್ಲ.”

“ಸರಿ ಹಾಗಾದ್ರೆ,” ಎಂದಳು. ಸರಿ ಏನು ಎಂದು ಹೇಳಲಿಲ್ಲ.

*

ಮೆಟ್ಟಿಲಿಳಿಯುವಾಗ ಅವನಿಗೆ ವಿಚಿತ್ರ ಉತ್ಸಾಹ ಹುಟ್ಟಿತು. ಹೇಳಿಬಿಡಬೇಕು. ಒಂದೇ ಒಂದು ಸಲ ಬಾಯಿಯಿಂದ ಬರುವ ಮಾತು ಮತ್ತು ಆದದ್ದು ಎರಡೂ ಒಂದೇ ಆಗಿರಬೇಕು. ಕೆಲಸ ಹೋಗಬಹುದು. ಹೋಗಲಿ. ತನ್ನ ಹೆಸರಿಗೆ ಮಸಿ ಹತ್ತುವುದನ್ನು ನೆನೆದಾಗ ಎದೆ ಹಗುರಾಯಿತು. ಆ ಹಗುರವನ್ನು ಅವನು ಅನುಮಾನದಿಂದಲೇ ನೋಡಿದ.

ಪತ್ರಿಕೆಯವರು ನಿನ್ನೆಗಿಂತ ಹೆಚ್ಚು ಜನ ಬಂದಿದ್ದರು. ಮೈಕು ಕಿರುಗುಟ್ಟಿ ಸುಮ್ಮನಾಯಿತು.

“ನಿನ್ನೆ ನಾನು ಆಡಿದ ಮಾತು ತಪ್ಪು,” ಎಂದು ಶುರುಮಾಡಿದ. “ಸೋಲಿನ ಹೊಣೆ ನನ್ನದು.”

ಎಲ್ಲರೂ ಬರೆದುಕೊಂಡರು. ಅವನು ಹೇಳುವ ಮೊದಲೇ ಬರೆದಿಟ್ಟುಕೊಂಡಿದ್ದರೋ ಎನ್ನುವಷ್ಟು ಬೇಗ.

“ಇಲ್ಲ, ಕೇಳಿ. ನಾನು ಯಾವಾಗಲೂ ಹೇಳುವ ಹಾಗೆ ಹೇಳುತ್ತಿಲ್ಲ. ಗೋಲು ಬಿಟ್ಟು ಓಡು ಅಂತ ಅವನಿಗೆ ಹೇಳಿದ್ದು ನಾನು. ಅವನು ಹೇಳಿದ್ದನ್ನ ಮಾಡಿದ. ತಪ್ಪು ಅವನದಲ್ಲ.”

ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ವರದಿಗಾರ, ಇವನನ್ನು ಕಾಲೇಜಿನ ದಿನದಿಂದ ಬಲ್ಲವನು, ಕನ್ನಡಕ ತೆಗೆದು ಒರೆಸಿಕೊಂಡ. “ಹುಡುಗನನ್ನ ಉಳಿಸಕ್ಕೆ ಇಷ್ಟು ದೂರ ಹೋಗ್ತೀರಲ್ಲ ಸರ್,” ಎಂದ. ದನಿ ನಿಜವಾಗಿಯೂ ಗದ್ಗದವಾಗಿತ್ತು. “ದೊಡ್ಡ ಮನಸ್ಸು ನಿಮ್ಮದು.”

ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ.

“ದೊಡ್ಡ ಮನಸ್ಸಲ್ಲ ರೀ. ಆದದ್ದೇ ಹಾಗೆ.”

“ಅದನ್ನೂ ಬರ್ಕೋತೀವಿ ಸರ್,” ಎಂದು ಇನ್ನೊಬ್ಬ ನಕ್ಕ. ಕ್ಯಾಮೆರಾದ ದೀಪ ಕಣ್ಣಿಗೆ ಹೊಡೆಯಿತು. ತುಟಿಯ ತುದಿ ತಾನಾಗಿ ಮೇಲೇರುತ್ತಿರುವುದು ಅವನಿಗೆ ಗೊತ್ತಾಯಿತು. ಹಿಡಿದು ನಿಲ್ಲಿಸಲು ನೋಡಿದ. ಆಗಲಿಲ್ಲ.

ಬಾಗಿಲ ಬಳಿ ಪ್ರಚಾರದ ಹೆಂಗಸು ಅವನಿಗೆ ನೀರಿನ ಲೋಟ ಕೊಟ್ಟಳು. “ನೀವು ಹಾಗೇ ಹೇಳ್ತೀರಿ ಅಂತ ಮೊದಲೇ ತಿಳಿಸಿದ್ರೆ ನಾನು ಹೆದರ್ತಾನೇ ಇರಲಿಲ್ಲ ಸರ್. ಎಷ್ಟು ಚೆನ್ನಾಗಿ ಬಂತು!”

ಹೊರಗೆ ಬರುವಷ್ಟರಲ್ಲಿ ಹೆಂಡತಿಯ ಫೋನು. “ಚೆನ್ನಾಗಿ ಮಾತಾಡಿದ್ರಂತೆ. ಅಣ್ಣ ಫೋನ್ ಮಾಡಿದ್ದ, ಅತ್ತಿಗೆ ಅತ್ತೇಬಿಟ್ರಂತೆ.”

“ನೀನು ನೋಡಿದ್ಯಾ?”

“ನೋಡಿದೆ.” ಆಮೇಲೆ, “ಬರ್ತಾ ಮೊಸರು ತನ್ನಿ,” ಎಂದಳು.

*

ಗೋಡೆಯ ಮನೆ ಎರಡನೇ ಮಹಡಿಯಲ್ಲಿತ್ತು. ಬಾಗಿಲು ತೆಗೆದವಳು ಅವನ ಅಕ್ಕ. ಟೀವಿಯಲ್ಲಿ ನೋಡಿದ ಮುಖ ಕಂಡು ಸೆರಗು ಸರಿಪಡಿಸಿಕೊಂಡಳು. “ಮೇಲಿದ್ದಾನೆ, ಬಟ್ಟೆ ಹರವ್ತಾ ಇದ್ದಾನೆ. ಬೆಳಿಗ್ಗೆಯಿಂದ ಮನೇಲಿದ್ದಬದ್ದ ಬಟ್ಟೆಯೆಲ್ಲ ಒಗೆದು ಹಾಕಿದ್ದಾನೆ. ಒಗೆದಿದ್ದನ್ನೇ ಮತ್ತೆ ಒಗೀತಾನೆ. ನೀವಾದ್ರೂ ಸ್ವಲ್ಪ ಹೇಳಿ.”

ತಾರಸಿಯ ಮೇಲೆ ಸಾಲುಸಾಲು ತಂತಿಗಳುದ್ದಕ್ಕೂ ಹಾಸಿಗೆ ಹೊದಿಕೆಗಳು. ಅವುಗಳ ಆಚೆ ಬರಿಯ ಎರಡು ಪಾದಗಳು ಕಂಡವು. ಪಾದಗಳು ನಿಂತವು.

“ಸರ್,” ಎಂದ ಗೋಡೆ, ಹೊದಿಕೆಯ ಆಚೆಯಿಂದ. “ಟೀವೀಲಿ ನೋಡಿದೆ.”

“ನಿನಗೆ ಗೊತ್ತಲ್ಲ, ಅದು ನಿಜ ಅಂತ. ನಿನಗಾದ್ರೂ ಗೊತ್ತಲ್ಲ.”

“ಯಾವುದು ಸರ್?”

“ಓಡು ಅಂತ ನಾನೇ ಹೇಳಿದ್ದು.”

ಒದ್ದೆ ಬಟ್ಟೆಯನ್ನು ಝಾಡಿಸಿದ ಸದ್ದು. ಹನಿಗಳು ಇವನ ಕೋಟಿನ ಮೇಲೆ ಬಿದ್ದವು.

“ಹೆಗಲ ಮೇಲೆ ಕೈಯಿಟ್ಟಿರಿ. ಅದು ನೆನಪಿದೆ.”

“ಕೈಯಿಟ್ಟು ಹೇಳಿದೆನಲ್ಲ.”

“ಹೇಳಿರಬಹುದು ಸರ್. ನೀವು ಯಾವಾಗಲೂ ಏನಾದ್ರೂ ಹೇಳ್ತಾನೇ ಇರ್ತೀರಲ್ಲ. ಹೂಂ ಹೂಂ ಅಂತ ತಲೆಯಾಡಿಸ್ತೀವಿ. ಕಿವಿಗೆ ಹಾಕ್ಕೊಳ್ಳೋದಿಲ್ಲ, ತಪ್ಪು ತಿಳ್ಕೋಬೇಡಿ.”

“ಮತ್ತೆ ಯಾಕೆ ಓಡಿದೆ?”

“ಸಿಗುತ್ತೆ ಅನ್ನಿಸ್ತು. ನನಗೇ ಅನ್ನಿಸ್ತು.” ತಂತಿಗೆ ಕ್ಲಿಪ್ಪು ಹಾಕಿದ ಸದ್ದು. “ಸಿಗಲಿಲ್ಲ.”

ಇವನು ಹೊದಿಕೆಯನ್ನು ಸರಿಸಿ ಮುಖ ನೋಡಬೇಕೆಂದು ಕೈಯೆತ್ತಿದ. ಇದು ಕ್ಷಮೆಯೋ, ಸೇಡೋ? ಅಥವಾ ಕೇವಲ ನಡೆದದ್ದೋ? ಮುಖ ಕಂಡರೆ ಗೊತ್ತಾಗುತ್ತದೆ ಎಂಬ ನಂಬಿಕೆಯೂ ಅವನಿಗೆ ಬರಲಿಲ್ಲ. ಕೈ ಇಳಿಸಿದ.

“ನನ್ನನ್ನ ಸರಕು ಅಂದ್ರಿ, ಅಕ್ಕ ಊಟ ಬಿಟ್ಟಳು,” ಎಂದ ಗೋಡೆ. ದನಿಯಲ್ಲಿ ಏರಿಳಿತವಿರಲಿಲ್ಲ. “ಈಗ ಇಡೀ ಊರು ನಿಮ್ಮನ್ನ ದೇವರು ಅಂತಿದೆ. ನಾನು ಬೀದಿಗೆ ಹೋದ್ರೆ, ಅಂಥವರು ಸಿಕ್ಕಿದ್ದು ನಿನ್ನ ಪುಣ್ಯ ಅಂತಾರೆ. ಬೇಡ ಸರ್. ನನ್ನ ತಪ್ಪನ್ನಾದ್ರೂ ನನಗೆ ಬಿಡಿ.”

ಪಾದಗಳು ಹೊದಿಕೆಗಳ ಮುಂದಿನ ಸಾಲಿನ ಹಿಂದೆ ಸರಿದುಹೋದವು. ಅಕ್ಕ ಮೆಟ್ಟಿಲಲ್ಲಿ ಕಾಫಿ ಹಿಡಿದು ನಿಂತಿದ್ದಳು. ಅವನು ಕುಡಿದ. ಚೆನ್ನಾಗಿದೆ ಎಂದ.

*

ಮನೆಗೆ ಹೋಗಲು ಕಾಲು ಬರಲಿಲ್ಲ. ಮೈದಾನದ ಕಡೆ ಹೋದ. ಬಿಸಿಲು ಇಳಿದು ಗ್ಯಾಲರಿಗಳ ನೆರಳು ಹುಲ್ಲಿನ ನಡುವಿನವರೆಗೂ ಚಾಚಿತ್ತು. ನಾಳೆ ಯಾವುದೋ ಕಂಪನಿಯ ಸಮಾರಂಭವಂತೆ. ಮೈಕಿನವನೊಬ್ಬ ಗೆರೆಯ ಪಕ್ಕದಲ್ಲಿ ಮೇಜು ಹಾಕಿಕೊಂಡು ವೈರುಗಳ ನಡುವೆ ಕೂತಿದ್ದ. ಮೈದಾನದ ಸುತ್ತಲೂ ಕಂಬಕ್ಕೊಂದರಂತೆ ಧ್ವನಿವರ್ಧಕ ಕಟ್ಟಿದ್ದ. ಇವನು ಯಾರೆಂದು ಅವನಿಗೆ ಗೊತ್ತಾದಂತೆ ಕಾಣಲಿಲ್ಲ.

“ಯಜಮಾನ್ರೇ, ಸ್ವಲ್ಪ ಇದರಲ್ಲಿ ಮಾತಾಡ್ತೀರಾ? ನಾನು ಆ ಕೊನೇಲಿ ನಿಂತು ಕೇಳಬೇಕು.”

“ಏನು ಮಾತಾಡಲಿ?”

“ಏನಾದ್ರೂ ಪರವಾಗಿಲ್ಲ. ಸದ್ದು ಬಂದ್ರೆ ಸಾಕು.”

ಮೈಕಿನವನು ಮೈದಾನದ ಆಚೆಯ ತುದಿಗೆ ನಡೆದು ಹೋಗಿ, ಅಲ್ಲಿಂದ ಚಿಕ್ಕದಾಗಿ ಕಾಣುತ್ತ, ಕೈಯೆತ್ತಿದ.

“ಅವನಿಗೆ ಓಡು ಅಂತ ಹೇಳಿದ್ದು ನಾನು,” ಎಂದ ಇವನು.

ಧ್ವನಿ ಖಾಲಿ ಗ್ಯಾಲರಿಗಳಿಗೆ ಬಡಿದು, ಸ್ವಲ್ಪ ತಡವಾಗಿ ಮರಳಿ ಬಂತು. ಹೇಳಿದ್ದು ನಾನು. ಅಲ್ಲಿಂದ ಕೇಳುವಾಗ ಅದು ಯಾರದೋ ಭಾಷಣದ ಹಾಗಿತ್ತು. ಇನ್ನೊಮ್ಮೆ ಹೇಳಿದ, ಜೋರಾಗಿ. ಆಮೇಲೆ ಹೆಗಲು, ಓಣಿ, ಚೆಂಡು ಎಲ್ಲವನ್ನೂ ಒಂದರ ಹಿಂದೊಂದು ಹೇಳತೊಡಗಿದ. ಹೊಸ ಮಾತು ಹೊರಡುವಾಗ ಹಳೆಯದು ಎದುರಿಗೆ ಬಂದು ಡಿಕ್ಕಿ ಹೊಡೆಯುತ್ತಿತ್ತು. ಯಾವುದು ತಾನು ಈಗ ಹೇಳುತ್ತಿರುವುದು, ಯಾವುದು ಗ್ಯಾಲರಿ ಹೇಳುತ್ತಿರುವುದು ಎಂದು ತಿಳಿಯದಾಯಿತು.

ದೂರದಲ್ಲಿ ಮೈಕಿನವನು ಸಾಕು ಎಂಬಂತೆ ಎರಡೂ ಕೈ ಬೀಸಿದ.

ಅವನು ಬಾಯಿ ಮುಚ್ಚಿದ. ಎದುರಿನ ಖಾಲಿ ಸಾಲುಗಳು ಇನ್ನೂ ಮಾತಾಡುತ್ತಲೇ ಇದ್ದವು.