ಹತ್ತೊಂಬತ್ತನೆಯ ಸಾಲು

ಕಲ್ಲಿನ ಅಕ್ಷರಗಳಿಗೆ ಕಪ್ಪು ಬಣ್ಣ ತುಂಬುವಾಗ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ನಾನು ಸಣ್ಣ ಕುಂಚ ಹಿಡಿದು ಒಂದೊಂದೇ ಗೆರೆ ತುಂಬುತ್ತಿದ್ದೆ. ಅಪ್ಪ ಉಳಿಗಳನ್ನು ಒರೆಸಿ ಸಾಲಾಗಿ ಇಡುತ್ತಿದ್ದರು. ಅಮ್ಮ ಒಳಬಾಗಿಲಲ್ಲಿ ಕೂತು ಹಳೆಯ ಬಟ್ಟೆ ಹರಿಯುತ್ತಿದ್ದರು. ಅಂಚಿಗೆ ಬಂದ ಬಣ್ಣ ಒರೆಸಲು ಆ ತುಂಡುಗಳು ಬೇಕು.

ನಮ್ಮದು ಕಲ್ಲು ಕೆತ್ತುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮೂವತ್ತು ವರ್ಷದ ಹಿಂದಿನ ಯುದ್ಧಕ್ಕೆ ಈ ಊರಿನಿಂದ ಹೋದ ಮೂವತ್ತೊಂದು ಜನರ ಹೆಸರು ಕೆತ್ತುವ ಕೆಲಸ ಬಂದಿತ್ತು. ಭಾನುವಾರ ಬೆಳಿಗ್ಗೆ ಕಲ್ಲು ಚೌಕದಲ್ಲಿ ನಿಲ್ಲಬೇಕು. ಅಂದು ಶುಕ್ರವಾರ.

ಸಮಿತಿಯವರು ಕೊಟ್ಟ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ನಾನು ಬಣ್ಣ ತುಂಬುವುದು. ಏಳನೆಯ ತರಗತಿಗೆ ಶಾಲೆ ಬಿಟ್ಟ ಮೇಲೆ ನನ್ನ ಓದೆಲ್ಲ ಇಂಥ ಪಟ್ಟಿಗಳದ್ದೇ. ಹತ್ತೊಂಬತ್ತನೆಯ ಸಾಲಿಗೆ ಬಂದಾಗ ಕೈ ನಿಂತಿತು. ಪಟ್ಟಿಯಲ್ಲಿ ‘ಕ್ಯಾಪ್ಟನ್’ ಎಂದು ಬರೆದು ಮುಂದೆ ಒಬ್ಬ ಹೆಂಗಸಿನ ಹೆಸರಿತ್ತು. ಅದರ ಪಕ್ಕದಲ್ಲಿ ‘ಪೈಲಟ್’. ವಿಳಾಸ ನಮ್ಮ ಬೀದಿಯ ಗಡಿಯಾರ ರಿಪೇರಿ ಅಂಗಡಿಯದು. ಆದರೆ ಕಲ್ಲಿನ ಮೇಲೆ ‘ಕ್ಯಾಪ್ಟನ್’ ಎಂಬುದರ ಮುಂದೆ ಇದ್ದದ್ದು ಆಕೆಯ ಗಂಡನ ಹೆಸರು.

ಪಟ್ಟಿಯನ್ನೂ ಕಲ್ಲನ್ನೂ ಮತ್ತೊಮ್ಮೆ ಓದಿದೆ. ಆಮೇಲೆ ಪಟ್ಟಿಯ ಮೇಲೆ ಬೆರಳಿಟ್ಟು, “ಅಪ್ಪಾ” ಎಂದೆ.

ಅಪ್ಪ ಬಗ್ಗಿ ನೋಡಿದರು. “ಅದಾ? ಟೈಪ್ ಮಾಡಿದವನು ಎಡವಟ್ಟು ಮಾಡಿದ್ದ. ನಾನೇ ಸರಿ ಮಾಡ್ದೆ.”

ಪಟ್ಟಿಯ ತಪ್ಪುಗಳನ್ನು ಯಾರನ್ನೂ ಕೇಳದೆ ತಿದ್ದುವುದು ಅಪ್ಪನ ಪದ್ಧತಿ. ಸತ್ತ ವರ್ಷ ಹುಟ್ಟಿದ ವರ್ಷಕ್ಕಿಂತ ಹಿಂದೆ ಬಿದ್ದದ್ದು, ತಂದೆಯ ಜಾಗದಲ್ಲಿ ಮಗನ ಹೆಸರು ಕೂತದ್ದು ಎಲ್ಲವನ್ನೂ ಅವರೇ ಹಿಡಿದಿದ್ದಾರೆ. ಆ ಬಗ್ಗೆ ಅವರಿಗೆ ಹೆಮ್ಮೆಯೂ ಇದೆ.

“ಒಂದು ಮಾತು ಕೇಳಬಹುದಿತ್ತಲ್ಲ ರೀ? ನಾಲ್ಕು ಬಾಗಿಲು ಆಚೆ ಮನೆ,” ಎಂದರು ಅಮ್ಮ.

“ಏನಂತ ಕೇಳ್ಲಿ? ನಿಮ್ಮ ಹೆಂಡ್ತಿ ಯುದ್ಧದಲ್ಲಿ ವಿಮಾನ ಓಡಿಸಿದ್ರಾ ಅಂತಾನಾ? ಬೀದಿಯೆಲ್ಲ ನಗುತ್ತೆ.”

ಅಷ್ಟರಲ್ಲಿ ನರ್ಸಮ್ಮ ಬಂದರು. ಪ್ರತಿ ಶುಕ್ರವಾರ ಅವರು ಅಮ್ಮನ ಬಿ.ಪಿ. ನೋಡಲು ಬರುತ್ತಾರೆ. ಚಪ್ಪಲಿ ಬಿಡುತ್ತಲೇ ಕೇಳಿದರು, “ಯಾಕಣ್ಣ, ಬೀದಿಯೆಲ್ಲ ಯಾರನ್ನ ನೋಡಿ ನಗುತ್ತೆ?”

ಅಪ್ಪ ವಿಷಯ ಹೇಳಿದರು. ನರ್ಸಮ್ಮ ನಗಲಿಲ್ಲ. ಅಮ್ಮನ ತೋಳಿಗೆ ಬಿ.ಪಿ. ಯಂತ್ರದ ಬಟ್ಟೆ ಸುತ್ತಿ, ಗಾಳಿ ತುಂಬಿ, ಅಂಕಿ ನೋಡಿ ಬರೆದುಕೊಂಡರು. ಆಮೇಲೆ ಕಲ್ಲಿನ ಹತ್ತಿರ ಬಂದರು.

“ಅಣ್ಣ, ನೀವು ಈ ಊರಿಗೆ ಬಂದು ಎಷ್ಟು ವರ್ಷ?”

“ಹನ್ನೆರಡು.”

“ಅದಕ್ಕೇ ಗೊತ್ತಿಲ್ಲ. ಆ ಯುದ್ಧದಲ್ಲಿ ನಾನು ಡೇರೆ ಆಸ್ಪತ್ರೆಯಲ್ಲಿದ್ದೆ. ಸೇತುವೆ ಮುರಿದು ಬಿದ್ದಿತ್ತು. ಹೊಳೆ ಆಚೆ ನಾವು, ನಮ್ಮ ಹತ್ರ ನೂರಾರು ಗಾಯಾಳುಗಳು. ರಕ್ತ ಇಲ್ಲ, ಔಷಧಿ ಇಲ್ಲ. ನಾಲ್ಕು ದಿನದಲ್ಲಿ ಹನ್ನೊಂದು ಸಲ ಒಂದು ವಿಮಾನ ಬಂದು ಇಳೀತು. ಇಳಿಯೋಕೆ ಇದ್ದದ್ದು ಒಂದು ಹೊಲ. ಅದನ್ನ ಹಾರಿಸಿದ್ದು ನಿಮ್ಮ ಬೀದಿಯ ಈಕೆ.”

“ಕೂತ್ಕೊಂಡು ಬಂದಿರಬೇಕು, ನರ್ಸಮ್ಮ. ಹಾರಿಸೋದು ಬೇರೆ.”

“ನಮ್ಮ ಡಾಕ್ಟರೂ ಹೀಗೇ ಅಂದ್ಕೊಂಡ್ರು. ‘ಪೈಲಟ್ ಎಲ್ಲಮ್ಮಾ?’ ಅಂತ ಅವಳನ್ನೇ ಕೇಳಿದ್ರು. ‘ಪೈಲಟ್ ಇನ್ನು ಎಂಟು ನಿಮಿಷಕ್ಕೆ ಹೊರಡ್ತಾಳೆ, ನೀವು ಸ್ಟ್ರೆಚರಿನ ಆ ತುದಿ ಹಿಡೀರಿ’ ಅಂದ್ಳು. ಡಾಕ್ಟರು ತೆಪ್ಪಗೆ ಹಿಡಿದ್ರು.”

ಅಮ್ಮನಿಗೆ ನಗು ಬಂತು. ಅಪ್ಪ ಬಿಡಲಿಲ್ಲ. “ಆಯ್ತು, ಹಾರಿಸಿದ್ರು ಅಂತಲೇ ಇಟ್ಕೊಳ್ಳೋಣ. ಔಷಧಿ ಸಾಗಿಸೋದು ಯುದ್ಧ ಮಾಡಿದ ಹಾಗಾ? ಗುಂಡು ಹಾರಿಸಲಿಲ್ಲವಲ್ಲ.”

“ಅವಳು ಹಾರಿಸಲಿಲ್ಲ, ಅವಳ ಮೇಲೆ ಹಾರಿಸಿದ್ರು. ಗುಂಡಿಗೆ ಇದು ಔಷಧಿ ವಿಮಾನ ಅಂತ ಗೊತ್ತಾಗುತ್ತಾ ಅಣ್ಣ? ಇವಳೊಬ್ಬಳೇ ಅಂತಲೂ ತಿಳೀಬೇಡಿ. ಹಿಂದಿನ ದೊಡ್ಡ ಯುದ್ಧಗಳಲ್ಲೂ ಹೆಂಗಸರು ಹಾರಿದ್ದಾರೆ. ಕಾರ್ಖಾನೆಯಿಂದ ಹೊಸ ವಿಮಾನ ತಗೊಂಡು ಹೋಗಿ ನೆಲೆ ಮುಟ್ಟಿಸಿದ್ದಾರೆ. ಬಾಂಬ್ ಹಾಕಿದವರೂ ಇದ್ದಾರೆ. ಎಷ್ಟೋ ಜನ ವಾಪಸ್ ಬರಲಿಲ್ಲ. ಯುದ್ಧ ಮುಗಿದ ಮೇಲೆ, ಅಮ್ಮಾ ನೀನಿನ್ನು ಮನೆಗೆ ಹೋಗು ಅಂದ್ರು. ಅವರ ಹೆಸರು ಬರೆದುಕೊಳ್ಳೋಕೆ ಯಾರಿಗೂ ನೆನಪಾಗಲಿಲ್ಲ.”

ಅಪ್ಪ ನನ್ನ ಕಡೆ ತಿರುಗಿ, “ಹೋಗು, ಗಡಿಯಾರದವರನ್ನ ಕರ್ಕೊಂಡು ಬಾ. ಅವರೇ ಹೇಳ್ಲಿ,” ಎಂದರು.

ಗಡಿಯಾರದವರು ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿಯನ್ನು ಹಣೆಗೆ ಏರಿಸಿಕೊಂಡೇ ಬಂದರು. ಕಲ್ಲಿನ ಮೇಲೆ ತಮ್ಮ ಹೆಸರನ್ನು ಎರಡು ಸಲ ಓದಿದರು.

“ನಾನಾ? ಕ್ಯಾಪ್ಟನ್ನಾ? ಅಯ್ಯೋ ಮಾರಾಯರೇ, ಸ್ಟೂಲ್ ಹತ್ತಿದ್ರೆ ನನಗೆ ತಲೆ ಸುತ್ತುತ್ತೆ. ಇವಳು ಹೋಗಿದ್ದಾಗ ನಾನು ಮನೇಲಿ ಮಗು ನೋಡ್ಕೊಂಡಿದ್ದೆ. ಮೂರು ವರ್ಷದ ಮಗು. ದಿನಾ ‘ಅಮ್ಮ ಎಲ್ಲಿ’ ಅಂತ ಕೇಳೋದು, ನಾನು ಮೇಲೆ ಆಕಾಶ ತೋರ್ಸೋದು.” ಸ್ವಲ್ಪ ತಡೆದು ಹೇಳಿದರು, “ಇದನ್ನ ಚೌಕದಲ್ಲಿ ನಿಲ್ಲಿಸಬೇಡಿ. ನಾನು ಆ ದಾರೀಲಿ ಓಡಾಡೋದು ಹೇಗೆ?”

ಅಪ್ಪ ತಲೆ ಕೆರೆದುಕೊಂಡರು. “ಕೆಳಗೆ ‘ಇವರ ಪತ್ನಿ’ ಅಂತ ಸಣ್ಣದಾಗಿ ಸೇರಿಸಿದ್ರೆ?”

“ಯಾರ ಪತ್ನಿ?” ಎಂದು ಬಾಗಿಲಲ್ಲಿ ಧ್ವನಿ ಕೇಳಿಸಿತು. ಗಡಿಯಾರದವರ ಹೆಂಡತಿ ಗಂಡನನ್ನು ಊಟಕ್ಕೆ ಕರೆಯಲು ಬಂದಿದ್ದರು. ಅವರನ್ನು ನಾನು ದಿನವೂ ನೋಡುತ್ತೇನೆ. ನಲ್ಲಿಯ ಹತ್ತಿರ, ತರಕಾರಿ ಗಾಡಿಯ ಹತ್ತಿರ. ಬೀದಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಗಡಿಯಾರದಮ್ಮ ಎಂದು.

ಅಪ್ಪ ಕಲ್ಲಿನ ಮುಂದಿನಿಂದ ಪಕ್ಕಕ್ಕೆ ಸರಿದರು. ಅವರು ಹತ್ತಿರ ಬಂದು ಹತ್ತೊಂಬತ್ತನೆಯ ಸಾಲು ನೋಡಿದರು. ಕೋಪ ಮಾಡಿಕೊಳ್ಳಲಿಲ್ಲ. ಅದರ ಮೇಲಿನ ಸಾಲಿನ ಮೇಲೆ ಬೆರಳಿಟ್ಟರು.

“ಈ ಹುಡುಗ ನನ್ನ ವಿಮಾನದ ಮೆಕ್ಯಾನಿಕ್. ನಮ್ಮೂರಿನವನು ಅಂತ ನಾನೇ ಕೇಳಿ ನನ್ನ ಜೊತೆ ಹಾಕಿಸಿಕೊಂಡೆ. ಹನ್ನೊಂದನೇ ಸಲ ಇಳಿದಾಗ ಸ್ಟ್ರೆಚರ್ ಎತ್ತೋಕೆ ಹೊರಗೆ ಹೋದ. ಗುಂಡು ತಗುಲಿತು. ಅವನನ್ನೂ ಮಲಗಿಸಿಕೊಂಡೇ ವಾಪಸ್ ಹಾರಿಸಿದೆ. ಊರು ಮುಟ್ಟೋ ಹೊತ್ತಿಗೆ ಇರಲಿಲ್ಲ.” ಬೆರಳು ತೆಗೆದರು. “ಅವನ ಪಕ್ಕದಲ್ಲಿ ನನ್ನ ಹೆಸರು ಇರಲಿ ಅಂತ ಸಮಿತಿಯವರನ್ನ ಕೇಳಿದ್ದೆ. ಅಷ್ಟೇ ಕೇಳಿದ್ದು. ಆಗಲ್ಲ ಅಂದ್ರೆ ಆ ಸಾಲು ಖಾಲಿ ಬಿಡಿ. ಬೇರೆ ಯಾರ ಹೆಸರೂ ಅಲ್ಲಿ ಬೇಡ, ಇವರದ್ದೂ ಬೇಡ.”

ಅಪ್ಪ ಕಲ್ಲಿನ ಮೇಲೆ ಅಂಗೈ ಆಡಿಸಿ ಲೆಕ್ಕ ಹಾಕಿದರು. ಒಂದು ಸಾಲನ್ನು ಮುಚ್ಚಿ ಮತ್ತೆ ಕೆತ್ತಿದರೆ ತೇಪೆ ಕಾಣುತ್ತದೆ. ತೇಪೆ ಬೇಡವೆಂದರೆ ಕಲ್ಲಿನ ಇಡೀ ಮುಖವನ್ನು ಉಜ್ಜಿ, ಮೂವತ್ತೊಂದು ಹೆಸರನ್ನೂ ಮೊದಲಿನಿಂದ ಕೆತ್ತಬೇಕು. ಉಳಿದದ್ದು ಒಂದೂವರೆ ದಿನ.

“ತೇಪೆ ಹಾಕಿದ್ರೆ, ಯಾಕೆ ಹಾಕಿದ್ರು ಅಂತ ಜನ ಕೇಳ್ತಾರೆ,” ಎಂದು ಅಪ್ಪ ಎದ್ದು ಕಲ್ಲು ಉಜ್ಜುವ ಗ್ರೈಂಡರಿಗೆ ಹೊಸ ಚಕ್ರ ಹಾಕಿದರು. “ತಪ್ಪಾಯ್ತು, ಕ್ಯಾಪ್ಟನ್.”

ಆಕೆ ತಲೆಯಾಡಿಸಿ ಗಂಡನಿಗೆ, “ನಡೀರಿ, ಅನ್ನ ಆರ್ತಾ ಇದೆ,” ಎಂದರು.

ಆ ಒಂದೂವರೆ ದಿನ ಕೆಲಸದ ಕ್ರಮ ಬದಲಾಯಿತು. ಪಟ್ಟಿ ನನ್ನ ಕೈಯಲ್ಲಿತ್ತು. ನಾನು ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದಿದೆ. ಅಪ್ಪ ಕೇಳಿದ್ದನ್ನು ಕೇಳಿದ ಹಾಗೆಯೇ ಕೆತ್ತಿದರು, ಏನನ್ನೂ ತಿದ್ದಲಿಲ್ಲ. ಅಮ್ಮ ನೀರು ಹೊಯ್ದು ಪುಡಿ ತೊಳೆದರು. ಶನಿವಾರ ಸಂಜೆ ಹದಿನೆಂಟನೆಯ ಹೆಸರಿನ ಕೆಳಗೆ ಹತ್ತೊಂಬತ್ತನೆಯದು ಬಂತು: ಕ್ಯಾಪ್ಟನ್, ಆಕೆಯ ಹೆಸರು, ಪೈಲಟ್. ಅಪ್ಪ ಬೀದಿಗೆ ಹೋಗಿ ಸಿಕ್ಕವರಿಗೆಲ್ಲ ಹೇಳಿದರು, “ನಮ್ಮ ಬೀದೀಲಿ ಒಬ್ಬ ಪೈಲಟ್ ಇದ್ದಾರೆ, ಗೊತ್ತೇನ್ರೀ?” ಅವರಿಗೇ ಗೊತ್ತಾಗಿ ಒಂದೇ ದಿನವಾಗಿತ್ತು.

ಭಾನುವಾರ ಕಲ್ಲು ನಿಂತಿತು. ಗಡಿಯಾರದವರು ಕರವಸ್ತ್ರದಿಂದ ಅದರ ಧೂಳು ಒರೆಸಿದರು. ಕ್ಯಾಪ್ಟನ್ ಹಿಂದಿನ ಸಾಲಿನಲ್ಲಿ ನಿಂತಿದ್ದರು. ಸಮಿತಿಯ ಅಧ್ಯಕ್ಷರು ‘ನಮ್ಮೂರಿನ ಮೂವತ್ತೊಂದು ಗಂಡುಗಲಿಗಳು’ ಎಂದು ಭಾಷಣ ಮಾಡಿ, ಹದಿನೆಂಟು ಹೆಸರು ಓದಿ, ಬಿಸಿಲು ಏರಿತೆಂದು ಮುಗಿಸಿದರು.

ಓದುವವರೇ, ನಿಮ್ಮ ಊರಿನಲ್ಲೂ ಇಂಥ ಕಲ್ಲು ಇರಬಹುದು, ಶಾಲೆಯ ಗೋಡೆಯ ಮೇಲೆ ಹಲಗೆ ಇರಬಹುದು. ಹತ್ತಿರ ಹೋಗಿ ಓದಿ. ಯುದ್ಧಕಾಲದಲ್ಲಿ ವಿಮಾನ ಹಾರಿಸಿದ ಹೆಂಗಸರು ನಿಮ್ಮ ನಡುವೆ ಇದ್ದರೆ ಅವರ ಮನೆಗೆ ಹೋಗಿ ಕೇಳಿ, ಹೆಸರು ಬರೆದುಕೊಳ್ಳಿ, ನಿಮ್ಮ ಹೆಣ್ಣುಮಕ್ಕಳಿಗೆ ಹೇಳಿ. ಕಲ್ಲಿನಲ್ಲಿ ಬಿಟ್ಟಿದ್ದರೆ ಬರೆಸಿ, ಸಭೆಯಲ್ಲಿ ಬಿಟ್ಟಿದ್ದರೆ ಓದಿಸಿ. ಅದಕ್ಕೆ ದೊಡ್ಡ ಮಾತು ಬೇಕಿಲ್ಲ. ಅಂದು ಕುರ್ಚಿ ಮಡಚುವವರನ್ನು ದಾಟಿ ವೇದಿಕೆಯ ಹತ್ತಿರ ಹೋಗಿ ನಾನು ಕೇಳಿದ್ದು ಇಷ್ಟೇ:

“ಸಾರ್, ಹತ್ತೊಂಬತ್ತನೆಯದರಿಂದ ಮುಂದೆ ಓದಿ.”