ಗದಗಿನಲ್ಲಿ ಬಿಎಸ್‌ಡಿ ವಾರ್ತೆ ಓದಿಸಿದ ಮೈಕ್

ನಾನು ಒಂದು ಮೈಕ್. ಕೂದಲೆಳೆಯಂಥ ತಾಮ್ರದ ತಂತಿ ಸುತ್ತುವ ಹೆಂಗಸರ ಸಾಲಿನಲ್ಲಿ ಹುಟ್ಟಿದೆ. ಸಾಲಿನ ಕೊನೆಯಲ್ಲಿದ್ದವಳು ನನ್ನ ಜಾಲರಿಗೆ ಬಾಯಿಟ್ಟು "ಹಲೋ" ಅಂದಳು, ಸರಿಯಾಗಿ ಕೇಳಿಸಿದ್ದಕ್ಕೆ ತಲೆಯಾಡಿಸಿ ಡಬ್ಬಿಗೆ ಹಾಕಿದಳು.

ಮೊದಲು ಗದಗಿನ ಒಂದು ಆರ್ಕೆಸ್ಟ್ರಾದಲ್ಲಿದ್ದೆ. ಮದುವೆ ಮಂಟಪದ ಗದ್ದಲ, ಗಾಯಕನ ಎಲೆ ಅಡಿಕೆಯ ಉಸಿರು, ನಡುನಡುವೆ ಬೀಗರನ್ನು ಊಟಕ್ಕೆ ಕರೆಯುವ ಕೂಗು. ಗಾಯಕನ ಗಂಟಲು ಕೆಟ್ಟು ತಂಡ ಒಡೆದಾಗ ಮೃತ್ಯುಂಜಯ ಅಂಗಡಿ ಎಂಬಾತ ನನ್ನನ್ನು ಕೊಂಡ. ಮುಳಗುಂದ ನಾಕಾದ ಹತ್ತಿರ ಅವನದೊಂದು ಇಂಟರ್ನೆಟ್ ಕೇಬಲ್ ಆಫೀಸು. ಅಲ್ಲಿ ಪ್ರತಿ ಭಾನುವಾರ ಅವನೂ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವ ಗಿರಿಜಾ ಹೊಂಬಳಳೂ ಕೂತು 'ಬಿಎಸ್‌ಡಿ ವಾರ್ತೆ' ಓದಿ, ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೆ ಹಾಕುತ್ತಿದ್ದರು.

ಬಿಎಸ್‌ಡಿ ಎಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. ಬೇರೆ ಬೇರೆ ದೇಶಗಳ ಜನ, ಹೆಚ್ಚಿನವರು ಸಂಬಳವಿಲ್ಲದೆ, ಸೇರಿ ಕಟ್ಟುತ್ತಾ ಬಂದದ್ದು. ಅದರಲ್ಲಿ ಹಲವು ಕವಲುಗಳು. ಯಾವ ಕವಲಿನ ಹೊಸ ಆವೃತ್ತಿ ಬಂತು, ಯಾವ ಹಳೆಯ ಯಂತ್ರಗಳನ್ನು ಕೈಬಿಟ್ಟರು, ಯಾರು ಯಾರೊಡನೆ ಜಗಳವಾಡಿ ಬೇರೆಯಾದರು ಎಂಬುದೇ ಇವರ ಸುದ್ದಿ. ಕೇಳುವವರು ಕಡಿಮೆ.

ಗಿರಿಜಾ ಬರೀ ಓದುವವಳಲ್ಲ. ಒಂದು ಕವಲಿನಲ್ಲಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಬೆಸೆಯುವ ಜಾಲ ವಿಭಾಗದ ತಪ್ಪುಗಳನ್ನು ವರ್ಷಗಟ್ಟಲೆ ತಿದ್ದಿ ಕಳಿಸಿದವಳು. ಕೊನೆಗೆ ಅಲ್ಲಿಯ ಹಿರಿಯರು, ಇನ್ನು ನೀನೇ ನೇರವಾಗಿ ತಿದ್ದಬಹುದು ಎಂದು ಹಕ್ಕು ಕೊಟ್ಟರು. ಆ ಭಾನುವಾರ ಅವಳು ಆಫೀಸಿನವರೆಲ್ಲರಿಗೂ ಮಂಡಕ್ಕಿ ಗಿರ್ಮಿಟ್ ತಂದಿದ್ದಳು. ತನ್ನ ಸುದ್ದಿಯನ್ನು ತಾನೇ ಓದಲು ನಾಚಿಕೆಯಾಗಿ, ಕಡೆಗೆ ಅಂಗಡಿಯೇ ಓದಿದ.

ಒಂದು ದಿನ ಅವಳು ರೆಕಾರ್ಡಿಂಗ್‌ಗೆ ಮುಂಚೆ ಕುರ್ಚಿ ಹತ್ತಿರ ಎಳೆದುಕೊಂಡಳು.

"ಅಂಗಡಿಯವರ, ಒಂದು ದೊಡ್ಡ ತೂತು ಸಿಕ್ಕೈತಿ. ಗೊತ್ತಿದ್ದವರು ಎಲ್ಲೇ ಕುಂತು ಮಷೀನ್ ಒಳಗ ನುಗ್ಗಬಹುದು. ಅದನ್ನ ಮುಚ್ಚೂ ತೇಪಿ ತಯಾರಾಗೂತನಕ ಯಾರಿಗೂ ಹೇಳೂಹಂಗಿಲ್ಲ. ನಿಮ್ಮ ಆಫೀಸಿನ್ಯಾಗೂ ಅದ ಕವಲು ನಡೀತೈತಲ್ಲ, ಅದಕ್ಕ ನಿಮಗಷ್ಟ ಹೇಳಾಕತ್ತೀನಿ. ತೂತು ಇರೂ ಆ ಭಾಗ ಬಂದ್ ಮಾಡಿಡ್ರಿ."

"ನನ್ನ ಹೊಟ್ಟ್ಯಾಗ ಇರತೈತಿ ಬಿಡ್ರಿ ಮೇಡಂ," ಅಂದ ಅಂಗಡಿ.

ಮುಂದಿನ ಭಾನುವಾರ ಅವಳಿಗೆ ಪರೀಕ್ಷೆಯ ಡ್ಯೂಟಿ. ಅಂಗಡಿ ಒಬ್ಬನೇ ಕೂತ. ಹೇಳಿಕೊಳ್ಳುವಂಥ ಸುದ್ದಿ ಇರಲಿಲ್ಲ. ನನ್ನ ಹತ್ತಿರ ಬಂದು, ದನಿ ತಗ್ಗಿಸಿ, "ಕೇಳುಗರೇ, ಇದು ಬೇರೆ ಯಾರ ಬಳಿಯೂ ಇಲ್ಲದ ಸುದ್ದಿ" ಎಂದು ಶುರುಮಾಡಿದ. ತೂತು ಯಾವ ಭಾಗದಲ್ಲಿದೆ ಎಂಬುದನ್ನೂ ಬಿಡಲಿಲ್ಲ.

ಸುದ್ದಿ ಹಬ್ಬಿ, ತೇಪೆ ಸಿದ್ಧವಾಗುವ ಮೊದಲೇ ಕಳ್ಳರು ಆ ತೂತಿನಿಂದ ಒಳನುಗ್ಗಿದರು. ದೂರದ ದೇಶವೊಂದರ ಆಸ್ಪತ್ರೆಯಲ್ಲಿ ಕಂಪ್ಯೂಟರ್‌ಗಳು ನಿಂತು, ರೋಗಿಗಳನ್ನು ಬೇರೆ ಊರಿಗೆ ಸಾಗಿಸಬೇಕಾಯಿತು. ಹಿರಿಯರು ಅಂಗಡಿಯನ್ನು ಆನ್‌ಲೈನ್ ಸಭೆಗೆ ಕರೆದು, ಈ ಸುದ್ದಿ ನಿನಗೆ ಬಂದದ್ದು ಹೇಗೆ ಎಂದು ಕೇಳಿದರು. ಅವನು ನನ್ನನ್ನು ತುಟಿಯ ಬಳಿಗೆ ಸರಿಸಿಕೊಂಡ. "ವಾರ್ತೆಗೆಂದೇ ಗಿರಿಜಾ ಕೊಟ್ಟಳು, ನಾನು ಓದಿದೆ ಅಷ್ಟೇ," ಎಂದ.

ನನ್ನ ತಂತಿ ಎಷ್ಟೋ ಸಲ ಕರಕರ ಎಂದು ಮಾತು ಕೆಡಿಸಿದ್ದುಂಟು. ಅವತ್ತು ಒಂದಕ್ಷರವೂ ಕೆಡಲಿಲ್ಲ.

ಹಿರಿಯರು ಗಿರಿಜಾಳ ತಿದ್ದುವ ಹಕ್ಕು ಕಿತ್ತುಕೊಂಡರು. ಸಂಜೆ ಅವಳು ಆಫೀಸಿಗೆ ಬಂದಳು. ಕೂರಲಿಲ್ಲ.

"ನಿಮಗ ಹೇಳಿದ್ದು ನನ್ನ ತಪ್ಪು. ಅದನ್ನ ಅವರ ಮುಂದ ಒಪ್ಪಿಕೊಂಡೀನಿ. ಆದರ ವಾರ್ತೆಗೆ ಅಂತ ಕೊಟ್ಟೆ ಅಂತ ಯಾಕ ಸುಳ್ಳು ಹೇಳಿದ್ರಿ?"

"ನಂದು ಧಂದೆ ಐತ್ರಿ ಮೇಡಂ, ಹೆಸರು ಕೆಟ್ರ ಗಿರಾಕಿ ಓಡತಾರ. ನಿಮಗೇನು, ನೌಕರಿ ಐತಿ. ಆ ತಿದ್ದೂ ಕೆಲಸದಿಂದ ನಿಮಗ ಒಂದು ಪೈಸಾನೂ ಬರತಿರಲಿಲ್ಲಲ್ಲ?"

"ಬರತಿರಲಿಲ್ಲ," ಅಂದಳು ಗಿರಿಜಾ. "ಅದೊಂದ ನಂದು ಅಂತ ಇತ್ತು."

ಮತ್ತೆ ಅವಳ ದನಿ ನಾನು ಕೇಳಲಿಲ್ಲ.

ವಾರ್ತೆ ಬೆಳೆಯಿತು. ಆ ಗುಟ್ಟು ಹೊರಗೆಡವಿದವನೆಂದೇ ಅಂಗಡಿಗೆ ಹೆಸರು ಬಂತು. ಬೇರೆ ಊರುಗಳ ಸಭೆಗಳಲ್ಲಿ 'ಸುರಕ್ಷತೆ ನಮ್ಮೆಲ್ಲರ ಹೊಣೆ' ಎಂದು ಭಾಷಣ ಮಾಡಿಬಂದ. ನನ್ನ ಜಾಲರಿಗೆ ತುಕ್ಕು ಹಿಡಿಯಿತು. ಹೊಸ ಮೈಕ್ ತರಿಸಿದ.

ನನ್ನ ಮುಂದೆ ಅವನು ಕೊನೆಯದಾಗಿ ಓದಿದ ವಾರ್ತೆ ಹೀಗಿತ್ತು: "ಜಾಲ ವಿಭಾಗವನ್ನು ನೋಡಿಕೊಳ್ಳುವವರು ಸದ್ಯ ಯಾರೂ ಇಲ್ಲ. ವರದಿಯಾದ ತಪ್ಪುಗಳು ಹಾಗೆಯೇ ಉಳಿದಿವೆ. ಆಸಕ್ತರು ದಯವಿಟ್ಟು ಮುಂದೆ ಬರಬೇಕೆಂದು ಹಿರಿಯರು ಕೋರಿದ್ದಾರೆ." ಎಲ್ಲೂ ತಡವರಿಸದೆ ಮುಂದಿನ ಸುದ್ದಿಗೆ ಹೋದ.

ಈಗ ಕೆಟ್ಟ ರೌಟರ್‌ಗಳ ನಡುವೆ ಕಪಾಟಿನಲ್ಲಿದ್ದೇನೆ. ಭಾನುವಾರ ಬಾಗಿಲ ಸಂದಿಯಿಂದ ಅಂಗಡಿಯ ದನಿ ಬರುತ್ತದೆ, ಮೊದಲಿಗಿಂತ ತುಂಬಿಕೊಂಡ, ನಂಬಿಕೆ ಹುಟ್ಟಿಸುವ ದನಿ. ನಾನೂ ಅದನ್ನು ನಂಬುತ್ತಿದ್ದೆ, ಸಭೆಯ ದಿನ ಅದು ನನ್ನೊಳಗಿಂದ ಹೋಗಿರದಿದ್ದರೆ.